ಮುಂದೂಡಿದ ಉತ್ತರ

ಜೂನ್ ೧೯, ಗುರುವಾರ

ಮುದ್ದಿನ ತಂಗಿಗೆ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬಯ್ಯು, ಆದರೆ ಕಾರಣ ಕೇಳಿದ ಮೇಲೆ ಬಯ್ಯು. ಶಾಲೆಗಳು ಶುರುವಾಗುವ ಕಾಲ, ಅಂಗಡಿಯಲ್ಲಿ ಹೊಲಿಯಬೇಕಾದ ಸಮವಸ್ತ್ರದ ರಾಶಿಯ ಹಿಂದೆ ನಾನು ಕಾಣುತ್ತಲೇ ಇರಲಿಲ್ಲವಂತೆ. ನಿನ್ನ ಭಾವ ಹೇಳುತ್ತಾರೆ. ಅವರ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕು. ಅಮ್ಮನಿಗೆ ಕಿವಿ ಇನ್ನಷ್ಟು ಮಂದವಾಗಿದೆ, ಊಟ ಹೊತ್ತಿಗೆ ಸರಿಯಾಗಿ ಆಗಬೇಕು.

ಇವೆಲ್ಲ ನೆಪ. "ಆ ವಿಷಯ ಬಿಟ್ಟುಬಿಡು ಅಕ್ಕ" ಎಂದು ಬರೆದಿದ್ದೆಯಲ್ಲ, ಬಿಡಲಿಲ್ಲ. ಹಾಗೆಂದು ನಿನಗೆ ಹೇಳುವುದಕ್ಕೆ ಮುಂಚೆ ಕೈಯಲ್ಲಿ ಏನಾದರೂ ಇರಲಿ ಎಂದು ಕಾಯುತ್ತಿದ್ದೆ. ಈಗ ಇದೆ.

ನೀನು ಕೆಲಸ ಮಾಡುತ್ತಿದ್ದ ನೀರು ಶುದ್ಧೀಕರಣ ಘಟಕವನ್ನು ಮ್ಯೂಸಿಯಂ ಮಾಡಿದ್ದಾರೆ. ಹಳೆಯ ಪಂಪುಗಳಿಗೆ ಹಸಿರು ಬಣ್ಣ ಬಳಿದು ಸುತ್ತ ಹಗ್ಗ ಕಟ್ಟಿದ್ದಾರೆ. ನಿನ್ನ ಪ್ರಯೋಗಾಲಯದ ಬಾಗಿಲ ಪಕ್ಕದಲ್ಲಿ ದೊಡ್ಡದೊಂದು ಫಲಕ. ಆ ವರ್ಷ ಕಾಲರಾ ಹಬ್ಬಿ ಜನ ಸತ್ತದ್ದು "ಪ್ರಯೋಗಾಲಯ ಸಹಾಯಕಿಯ ನಿರ್ಲಕ್ಷ್ಯದಿಂದ" ಎಂದು ಬರೆದಿದ್ದರು. ಹೆಸರು ಹಾಕಿರಲಿಲ್ಲ, ಆದರೆ ಅಲ್ಲಿದ್ದ ಸಹಾಯಕಿ ನೀನೊಬ್ಬಳೇ. ಓದಿ ಮೈಯೆಲ್ಲ ಉರಿಯಿತು. ನೆಟ್ಟಗೆ ನಿರ್ದೇಶಕರ ಕೋಣೆಗೆ ನುಗ್ಗಿದೆ. ಕ್ಲೋರಿನ್ ಮುಗಿದಿದೆ ಎಂದು ನೀನು ಮೇಲಿಂದ ಮೇಲೆ ಬರೆದುಕೊಟ್ಟಿದ್ದೆ ಎಂದೆ. ಅವರು ವಿನಯವಾಗಿಯೇ ಮಾತಾಡಿದರು. ಆ ಕಾಗದಗಳು ಈಗ ಇಲ್ಲ, ಮನೆಯವರ ಮಾತಿನ ಮೇಲೆ ಫಲಕ ಬದಲಿಸಲು ಆಗುವುದಿಲ್ಲ, ಅಧಿಕೃತ ದಾಖಲೆ ಇದ್ದರೆ ತನ್ನಿ ಎಂದರು.

ಆಗ ಶಾಸನಸಭೆಯಲ್ಲಿ ಈ ವಿಷಯ ಎದ್ದಿತ್ತು ಎಂಬುದು ನನಗೆ ನೆನಪಿತ್ತು. ಸಭೆಯ ಗ್ರಂಥಾಲಯಕ್ಕೆ ಹೋದೆ. ಸದನದಲ್ಲಿ ಆಡಿದ ಪ್ರತಿ ಮಾತೂ ಅಚ್ಚಾಗಿ ಅಲ್ಲಿದೆ ಕಣೇ. ಗೋಡೆಯಿಂದ ಗೋಡೆಗೆ ಕಂದು ರಟ್ಟಿನ ಸಂಪುಟಗಳು. ಕೈಗೆ ಸಿಕ್ಕಿದ್ದನ್ನು ಎಳೆದು ಮೊದಲ ಪುಟದಿಂದ ಓದತೊಡಗಿದೆ. ಗ್ರಂಥಪಾಲಕಿ, ನೆಗಡಿಯಿಂದ ಮೂಗು ಕೆಂಪಾಗಿದ್ದ ಹೆಂಗಸು, ಎಲ್ಲ ಓದುತ್ತ ಕೂರಬೇಕಿಲ್ಲ ಎಂದು ಧೈರ್ಯ ಹೇಳಿದರು. ಪ್ರತಿ ಅಧಿವೇಶನದ ಕೊನೆಯ ಸಂಪುಟದ ಹಿಂಭಾಗದಲ್ಲಿ ಅಕಾರಾದಿ ಸೂಚಿ ಇರುತ್ತದಂತೆ. ವಿಷಯ ಹಿಡಿದೂ ಹುಡುಕಬಹುದು, ಮಾತಾಡಿದ ಸದಸ್ಯರ ಹೆಸರು ಹಿಡಿದೂ ಹುಡುಕಬಹುದು.

"ಕಾಲರಾ" ನೋಡಿದೆ, ಇಲ್ಲ. "ನೀರು" ನೋಡಿದೆ. ಕಾಲುವೆ, ಕೊಳವೆ, ತೆರಿಗೆ ಎಲ್ಲ ಇತ್ತು, ನಮ್ಮ ಘಟಕದ ಸುದ್ದಿಯೇ ಇಲ್ಲ. ಎದ್ದು ಹೊರಡುವವಳಿದ್ದೆ. ಗ್ರಂಥಪಾಲಕಿ ಮೂಗು ಒರೆಸಿಕೊಳ್ಳುತ್ತ, "ಸರ್ಕಾರ ಯಾವತ್ತಾದ್ರೂ ಕಾಲರಾ ಅಂತ ಒಪ್ಪಿಕೊಳ್ಳುತ್ತಾ? ವಾಂತಿಭೇದಿ ಅಂತ ನೋಡಿ" ಎಂದರು.

ಇತ್ತು. "ವಾಂತಿಭೇದಿ: ನಗರ ನೈರ್ಮಲ್ಯ ನೋಡಿ." ಅದರ ಕೆಳಗೆ ಪುಟದ ಸಂಖ್ಯೆ. ಆ ಪುಟ ತೆರೆದರೆ ವಿರೋಧ ಪಕ್ಷದ ಸದಸ್ಯೆಯೊಬ್ಬರ ಪ್ರಶ್ನೆ: ಈ ಸಾವುಗಳಿಗೆ ಯಾರು ಹೊಣೆ? ಕೆಳಗೆ, "ಉತ್ತರವನ್ನು ಮುಂದೂಡಲಾಗಿದೆ." ಅಷ್ಟೇ. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟೇ ವಾಸಿ, ಕೂತವರನ್ನು ಎಬ್ಬಿಸುತ್ತದೆ. ಆ ಸದಸ್ಯೆಯ ಹೆಸರು ಹಿಡಿದು ಮುಂದಿನ ಅಧಿವೇಶನದ ಸೂಚಿ ತೆರೆದೆ, ಅದರಾಚೆಯದೂ ತೆರೆದೆ. ಸಿಕ್ಕಿತು. ಪತ್ರಿಕೆಯವರೂ ಊರವರೂ ಮರೆತ ಮೇಲೆ ಮಂತ್ರಿಗಳು ಉತ್ತರ ಕೊಟ್ಟಿದ್ದರು: "ಕ್ಲೋರಿನ್ ಸರಬರಾಜು ನಿಂತ ಬಗ್ಗೆ ಪ್ರಯೋಗಾಲಯ ಸಹಾಯಕಿಯು ಲಿಖಿತವಾಗಿ ಎಚ್ಚರಿಸಿದ್ದರು. ಮೇಲಧಿಕಾರಿಗಳು ಕ್ರಮ ಕೈಗೊಳ್ಳಲಿಲ್ಲ. ಸಹಾಯಕಿಯ ಲೋಪ ಕಂಡುಬಂದಿಲ್ಲ."

ಇನ್ನೊಮ್ಮೆ ಓದು. ನೀನು ಊರು ಬಿಟ್ಟು ಹೋದ ಮೇಲೆ ಇದನ್ನು ತುಂಬಿದ ಸದನದಲ್ಲಿ ಹೇಳಿದ್ದಾರೆ, ಅಚ್ಚು ಹಾಕಿ ರಟ್ಟು ಕಟ್ಟಿಸಿದ್ದಾರೆ. ನಿನಗೊಂದು ಸಾಲು ಬರೆದು ತಿಳಿಸುವ ಸೌಜನ್ಯ ಒಬ್ಬರಿಗೂ ಇರಲಿಲ್ಲ.

ದೃಢೀಕರಿಸಿದ ಪ್ರತಿ ಹಿಡಿದು ನಿರ್ದೇಶಕರ ಎದುರು ಕೂತೆ. ಓದಿದರು, ಕನ್ನಡಕ ತೆಗೆದರು.

"ಬೋರ್ಡು ತೆಗೆಸಿಬಿಡ್ತೀವಿ ಅಮ್ಮ. ಇಲ್ಲಿಗೆ ಮುಗಿಸಿಬಿಡೋಣ."

"ತೆಗೆಯೋದು ಬೇಡ, ತಿದ್ದಿ" ಎಂದೆ. "ಸುಳ್ಳು ಹೇಳೋಕೆ ಗೋಡೆ ಇತ್ತು. ನಿಜ ಹೇಳೋಕೂ ಅದೇ ಗೋಡೆ ಬೇಕು."

ಸಮಿತಿ ಒಪ್ಪಬೇಕು, ಸಮಯ ಹಿಡಿಯುತ್ತದೆ ಎಂದರು. ಹಿಡಿಯಲಿ ಎಂದುಕೊಂಡು ಮಾರನೆಯ ದಿನದಿಂದ ಫಲಕದ ಪಕ್ಕದಲ್ಲೇ ನಿಂತೆ. ಬಂದವರಿಗೆಲ್ಲ ಆ ಪುಟದ ಪ್ರತಿ ಹಂಚಿದೆ. ನನ್ನನ್ನು ಹೊರಗೆ ಕಳಿಸಲು ಕಾವಲುಗಾರ ಬಂದ. ಅವನಿಗೂ ಒಂದು ಕೊಟ್ಟೆ. ಓದಿ, ಕುರ್ಚಿ ತಂದು ಹಾಕಿದ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಗೊಣಗುತ್ತಲೇ ನಿನ್ನ ಭಾವನೂ ಕುಂಟುತ್ತ ಬಂದು ಆ ಕುರ್ಚಿಯನ್ನು ತಾವೇ ಹಿಡಿದರು, ನಾನು ನಿಂತೇ ಇದ್ದೆ. ನಿಧಾನವೆಂದಿದ್ದ ಸಮಿತಿ ಆಮೇಲೆ ಲಗುಬಗೆಯಿಂದ ಸೇರಿತು. ಸೋಮವಾರ ಹೊಸ ಫಲಕ ಬಂತು. ಮಂತ್ರಿಗಳ ಉತ್ತರ ಅಕ್ಷರಕ್ಕೆ ಅಕ್ಷರ ಇದೆ, ಯಾರು ಬೇಕಾದರೂ ಹೋಗಿ ನೋಡಲಿ ಎಂದು ಸಂಪುಟ ಮತ್ತು ಪುಟದ ಸಂಖ್ಯೆಯೂ ಇದೆ. ಎಚ್ಚರಿಸಿದವಳು ನೀನು ಎಂದು ನಿನ್ನ ಪೂರ್ತಿ ಹೆಸರಿದೆ. ಅದನ್ನು ಬೆರಳಿನಿಂದ ಮುಟ್ಟಿ ಬಂದೆ.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ಇನ್ನುಳಿದ ದಿನಗಳಲ್ಲಿ ಯಾರಿಗೂ ಹೆದರದೆ ಬಾಳು, ಇದೇ ನನ್ನ ಆಶೀರ್ವಾದ.

ನಿನ್ನ
ಅಕ್ಕ

ತಾ.ಕ.: ಧೈರ್ಯ ಸಾಲದೆ ಇದನ್ನು ಕೊನೆಗೆ ಉಳಿಸಿಕೊಂಡೆ. ನಮ್ಮ ತಮ್ಮ ಅದೇ ಕಾಯಿಲೆಯಲ್ಲಿ ಹೋದ ದಿನ, ಅವನನ್ನು ಮಲಗಿಸಿದ್ದ ಕೋಣೆಯಲ್ಲೇ ಅಮ್ಮ ನಿನಗೆ "ನೀನೇ ಕೊಂದೆ" ಅಂದದ್ದನ್ನು ನಾವಿಬ್ಬರೂ ಇಷ್ಟು ವರ್ಷ ಒಂದು ಪತ್ರದಲ್ಲೂ ಬರೆದಿಲ್ಲ. ನಿನ್ನೆ ಆ ಪುಟವನ್ನು ಅವಳ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ಇನ್ನೊಂದು ಸಲ ಓದಿಸಿಕೊಂಡಳು. ಗೋಡೆಯ ಕಡೆ ತಿರುಗಿ ಮಲಗಿ, "ನನಗೂ ಅವತ್ತೇ ಹೇಳಿದ್ಲು. ನಾನೇ ನಂಬಲಿಲ್ಲ" ಎಂದಳು. ತಪ್ಪಾಯಿತು ಎನ್ನಲಿಲ್ಲ. ಅವಳ ಪರವಾಗಿ ನಾನೂ ಅನ್ನುವುದಿಲ್ಲ. ಬರುವುದು ಬಿಡುವುದು ನಿನ್ನಿಷ್ಟ. ಬಂದರೆ ಅವಳೆದುರು ನಿಂತು ಕೇಳಬೇಕಾದ್ದನ್ನೆಲ್ಲ ಕೇಳು, ನಾನು ತಡೆಯುವುದಿಲ್ಲ.