ಪಕ್ಕದ ಲಿಫ್ಟಿನ ಬೀಗ

ಮನೆಯಿಂದ,
ಹನ್ನೆರಡನೇ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ಯಜಮಾನರಿಗೆ ನಿಮ್ಮವಳ ನಮಸ್ಕಾರಗಳು.

ಹೇಗಿದ್ದೀರಿ? ಮೊಣಕಾಲು ಹೇಗಿದೆ? ಟ್ರೈನಿಂಗಿನಲ್ಲಿ ದಿನವಿಡೀ ನಿಲ್ಲಿಸುತ್ತಾರೋ, ಕೂರಲು ಬಿಡುತ್ತಾರೋ? ಎಣ್ಣೆಯ ಶೀಶೆಯನ್ನು ಪೆಟ್ಟಿಗೆಯ ಮೂಲೆಯಲ್ಲಿ, ಕಾಲುಚೀಲದ ಒಳಗೆ ಸುತ್ತಿಟ್ಟಿದ್ದೇನೆ. ನೀವು ಅದನ್ನು ಇನ್ನೂ ನೋಡಿಯೇ ಇರುವುದಿಲ್ಲ, ನನಗೆ ಗೊತ್ತು. ಹಚ್ಚಿಕೊಂಡು ಮಲಗಿ. ಊಟ ಹೊಟ್ಟೆಗೆ ಹಿಡಿಸದಿದ್ದರೆ ಸುಮ್ಮನೆ ನುಂಗಬೇಡಿ, ಬ್ರೆಡ್ಡಾದರೂ ತೆಗೆದುಕೊಂಡು ತಿನ್ನಿ. ನಾನು ಮತ್ತು ಮಗಳು ದೇವರ ದಯದಿಂದ ಚೆನ್ನಾಗಿದ್ದೇವೆ. ಅವಳಿಗೆ ನರ್ಸಿಂಗ್ ಪರೀಕ್ಷೆ ಹತ್ತಿರ ಬಂತು. ಕಂಡಕಂಡವರ ಕೈ ಹಿಡಿದು ನಾಡಿ ನೋಡುತ್ತಾಳೆ. ನಿನ್ನೆ ಹಾಲು ತಂದುಕೊಟ್ಟವರನ್ನೂ ಬಿಡಲಿಲ್ಲ.

ದಿನಾ ಫೋನಿನಲ್ಲಿ ಮಾತಾಡುವವಳು ಈಗ ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸುತ್ತದೆ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಒಂದು ತಮಾಷೆ ಹಾರಿಸುತ್ತೀರಿ, ನಾನು ನಕ್ಕುಬಿಡುತ್ತೇನೆ, ಹೇಳಬೇಕಾದ ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದದಲ್ಲಿ ನೀವು ನಡುವೆ ಬಾಯಿ ಹಾಕಲಾರಿರಿ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಅಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ಮಗಳ ಕೈಯಲ್ಲಿ ತಿದ್ದಿಸಬಹುದಿತ್ತು, ಆದರೆ ಅವಳು ಇದನ್ನು ಓದಬಾರದು. ನಿಮ್ಮ ಕೆಲಸದ ಜೋಡಿ, ಅದೇ ನೀವು ಒಣಕಲು ಎಂದು ಕರೆಯುವ ನಿಮ್ಮ ತಮ್ಮನಂಥ ಗೆಳೆಯ, ಇವತ್ತು ನೀವಿರುವ ಕಡೆ ಲಿಫ್ಟ್ ರಿಪೇರಿಯ ಸಾಮಾನು ತರಲು ಹೊರಟಿದ್ದಾರಂತೆ. ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಆ ದೊಡ್ಡ ಲಿಫ್ಟ್ ಕಂಪನಿಯವರು ನಿಮ್ಮ ಹೊಸ ಸಮವಸ್ತ್ರವನ್ನು ಮನೆಗೆ ಕಳಿಸಿದ್ದಾರೆ. ಬಟ್ಟೆ ಚೆನ್ನಾಗಿದೆ, ಜೇಬಿನ ಮೇಲೆ ನಿಮ್ಮ ಹೆಸರು, ಅದರ ಕೆಳಗೆ ತುರ್ತು ತಂಡದ ಮುಖ್ಯಸ್ಥರು ಎಂದು ನೂಲಿನಲ್ಲಿ ಹೊಲಿದಿದ್ದಾರೆ. ಪ್ಯಾಂಟು ಉದ್ದವಾಯಿತು. ಊರಿನವರ ಬಟ್ಟೆಯನ್ನೆಲ್ಲ ಮೊಟಕು ಮಾಡಿಕೊಡುವ ನಾನು ನಿಮ್ಮ ಪ್ಯಾಂಟನ್ನು ಮೆಷಿನ್ನಿನ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಶನಿವಾರ ನೀವು ಕಂಪನಿಯ ಕರಾರಿಗೆ ಸಹಿ ಹಾಕಿದರೆ ಇದು ನಿಮ್ಮ ಮೈಮೇಲೆ ಬರುತ್ತದೆ. ಹಾಕದಿದ್ದರೆ ಸೋಮವಾರದಿಂದ ಹಳೆಯ ಮಾಲೀಕರ ಹತ್ತಿರ ಅದೇ ಬಣ್ಣ ಹೋದ ಅಂಗಿ, ಅದೇ ಮೂರಂತಸ್ತು ನಾಲ್ಕಂತಸ್ತಿನ ಕಟ್ಟಡಗಳು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಮಾಲೀಕರು ಶನಿವಾರದವರೆಗೆ ನಿಮ್ಮ ಜಾಗಕ್ಕೆ ಬೇರೆಯವರನ್ನು ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ, ಅದು ನಿಮಗೂ ಗೊತ್ತು.

ನಿಮ್ಮ ಸಂತೋಷ ನನಗೆ ಅರ್ಥವಾಗದೆ ಇಲ್ಲ. ಕಂಪನಿಯ ಪತ್ರ ಬಂದ ದಿನ ನೀವು ಕನ್ನಡಿ ಮುಂದೆ ನಿಂತು, "ಈ ವಯಸ್ಸಿಗೆ ನನ್ನನ್ನ ಸಾರ್ ಅಂತಾರಂತೆ ಕಣೇ" ಅಂದಿರಿ. ನಾನು "ಸಾರ್, ಕಸದ ಡಬ್ಬಿ ಹೊರಗಿಡಿ ಸಾರ್" ಅಂದೆ. ಮಗಳು ಬಿದ್ದು ಬಿದ್ದು ನಕ್ಕಳು. ಈಗಿನದಕ್ಕಿಂತ ಎರಡರಷ್ಟು ಸಂಬಳ, ಓಡಾಡಲು ಗಾಡಿ, ಮಗಳ ಓದಿಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ತಿಂಗಳ ಕೊನೆಯ ವಾರ ಈ ಮನೆಯಲ್ಲಿ ಹೇಗೆ ಉರುಳುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ವರ್ಷಗಟ್ಟಲೆ ದೇವರ ಮುಂದೆ ಕೂತು, ಇವರಿಗೊಂದು ಒಳ್ಳೆ ದಾರಿ ತೋರಿಸಪ್ಪಾ ಎಂದು ಬೇಡಿದವಳೂ ನಾನೇ. ಕೇಳಿದ್ದನ್ನು ಕೊಟ್ಟವನ ಹತ್ತಿರ ಹೋಗಿ, ಇದನ್ನು ವಾಪಸು ತಗೊಂಡುಬಿಡು ಎನ್ನಲು ನನಗೆ ನಾಚಿಕೆ. ಅದಕ್ಕೇ ಈಗ ಕಣ್ಣು ಮುಚ್ಚಿ ಕೈ ಮುಗಿದರೂ ಬಾಯಲ್ಲಿ ಏನೂ ಬರುವುದಿಲ್ಲ.

ಟ್ರೈನಿಂಗಿಗೆ ಹೋಗುವ ಮುಂಚೆ ಒಂದು ತಿಂಗಳು ಪರೀಕ್ಷೆಗೆಂದು ಆ ದೊಡ್ಡ ಕಟ್ಟಡಗಳ ಕೆಲಸ ಕೊಟ್ಟು ನೋಡಿದರಲ್ಲ, ನೀವು ಒಣಕಲಣ್ಣನನ್ನೂ ಜೊತೆಗೆ ಕರೆದುಕೊಂಡು ಹೋದಿರಲ್ಲ, ಆ ತಿಂಗಳು ನನಗೆ ಮರೆಯುತ್ತಿಲ್ಲ. ಸ್ನಾನಕ್ಕೆ ಹೋದರೂ ಫೋನು ಸೋಪಿನ ಪಕ್ಕ. ತಟ್ಟೆಯ ಮುಂದೆ ಕೂರುವುದು, ಎರಡು ತುತ್ತು, ಯಾರೋ ಎಲ್ಲೋ ಮೂವತ್ತನೇ ಅಂತಸ್ತಿನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಏಳುವುದು. ನೀವು ಹೋದ ಮೇಲೆ ಆ ಅನ್ನವನ್ನು ಮುಚ್ಚಿಡಬೇಕೋ ಚೆಲ್ಲಬೇಕೋ ತಿಳಿಯದೆ ನಾನು ಅದರ ಮುಂದೆ ಕೂತಿರುತ್ತಿದ್ದೆ. ಒಂದು ದಿನ ನೀವು ಬಚ್ಚಲ ಬಾಗಿಲ ಮುಂದೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ನಿಂತೇ ಇದ್ದಿರಿ. ಒಳಗೆ ಯಾರೂ ಇರಲಿಲ್ಲ. ಏನ್ರೀ ಎಂದು ಕೇಳಿದರೆ, "ಬಾಗಿಲು ತೆರೆದುಕೊಳ್ಳಲಿ ಅಂತ ಕಾಯ್ತಿದ್ದೀನಿ" ಅಂದಿರಿ. ಪಕ್ಕದ ಗೋಡೆಯ ಲೈಟಿನ ಸ್ವಿಚ್ಚನ್ನು ಒತ್ತಿ, ಲಿಫ್ಟು ಬರುತ್ತದೆಂದು ಕಾಯುತ್ತಿದ್ದಿರಿ! ಆವತ್ತು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಪಕ್ಕದ ಮನೆಯವಳಿಗೂ ಹೇಳಿ ನಗಿಸಿದೆ. ನಿದ್ದೆಗೆಟ್ಟ ತಲೆ ಮನೆಯೊಳಗೆ ಹೀಗೆ ಮಾಡಿದರೆ ನಗು ಬರುತ್ತದೆ. ಕೆಲಸದ ಜಾಗದಲ್ಲಿ ಮಾಡಿದರೆ?

ಈಗ ಹೇಳಲೇಬೇಕಾದ್ದಕ್ಕೆ ಬರುತ್ತೇನೆ. ಭಾನುವಾರ ಒಣಕಲಣ್ಣ ಮನೆಗೆ ಬಂದಿದ್ದರು. ಟೀ ಕುಡಿಯುತ್ತಾ ಕೂತಿದ್ದಾಗ ನಾನು ನಿಮ್ಮ ಬೀಗದ ಮಾತು ತೆಗೆದೆ. ಮದುವೆಯಾದ ಹೊಸದರಲ್ಲಿ ನಾನು ಹೆದರುತ್ತೇನೆಂದು ನೀವು ಆ ಕೆಂಪು ಬೀಗವನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದ್ದಿರಿ: "ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯೋ ಮುಂಚೆ ಅದರ ಕರೆಂಟ್ ಆರಿಸಿ ಸ್ವಿಚ್ಚಿಗೆ ನನ್ನ ಬೀಗ ಹಾಕ್ತೀನಿ. ಕೀಲಿ ನನ್ನ ಜೇಬಲ್ಲಿ. ನಾನು ಮೇಲೆ ಬಂದು ತೆಗೆಯೋ ತನಕ ಯಾವ ದೊಡ್ಡಪ್ಪ ಬಂದರೂ ಲಿಫ್ಟು ಅಲ್ಲಾಡಲ್ಲ." ಆ ಮಾತಿನ ಮೇಲೆ ನಾನು ಇಷ್ಟು ವರ್ಷ ನಿಶ್ಚಿಂತೆಯಿಂದ ಉಸಿರಾಡಿದ್ದೇನೆ. ಹೊಸ ಕೆಲಸದಲ್ಲೂ ಬೀಗ ಹಾಕುತ್ತಾರಲ್ಲಣ್ಣ, ಮತ್ತೆ ನನಗ್ಯಾಕೆ ಭಯ ಎಂದು ಅವರನ್ನು ಕೇಳಿದೆ. ಅವರು ಲೋಟ ಕೆಳಗಿಟ್ಟರು. ಮುಖ ಬೇರೆ ಕಡೆ ತಿರುಗಿಸಿದರು. "ಅತ್ತಿಗೆ, ಬೀಗ ಹಾಕೋದು ಹಾಕಿದ್ರು," ಅಂದರು. ಅಷ್ಟೇ. ಆಮೇಲೆ ಮಾತು ಬದಲಿಸಲು ನೋಡಿದರು. ನಾನು ಬಿಡಲಿಲ್ಲ. ದೇವರ ಮೇಲೆ ಆಣೆ ಹಾಕಿ ಕೇಳಿದೆ.

ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ನೀವು ಹೇಳಬೇಡ ಎಂದು ಕೈ ಹಿಡಿದು ಕೇಳಿಕೊಂಡಿದ್ದಿರಂತೆ, ಪಾಪ, ಅವರು ಇಷ್ಟು ದಿನ ತಡೆದಿದ್ದಾರೆ. ಆ ತಿಂಗಳಲ್ಲೇ ಒಂದು ದಿನ, ಅಕ್ಕಪಕ್ಕ ಎರಡು ಲಿಫ್ಟು. ನೀವು ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಕ್ರಮವಾಗಿ ಸ್ವಿಚ್ಚು ಆರಿಸಿದಿರಿ, ಬೀಗ ಹಾಕಿದಿರಿ, ಎರಡು ಸಲ ಎಳೆದು ನೋಡಿದಿರಿ, ಕೀಲಿಯನ್ನು ಜೇಬಿಗೆ ಇಳಿಸಿದಿರಿ. ಹೋಗಿ ಇನ್ನೊಂದು ಲಿಫ್ಟಿನ ಗುಂಡಿಯೊಳಗೆ ಇಳಿದಿರಿ. ಮಕ್ಕಳು ಬಗ್ಗಿ ನೋಡಬಾರದೆಂದು ಮೇಲಿನ ಬಾಗಿಲನ್ನೂ ಎಳೆದುಕೊಂಡಿರಿ. ಮೇಲೆ ಯಾರೋ, ಅಂಗಡಿಗೆ ಹೊರಟವರೋ ಶಾಲೆಗೆ ಹೊರಟವರೋ, ಬಟನ್ ಒತ್ತಿದರು, ನಿಮ್ಮ ತಲೆಯ ಮೇಲಿನ ಲಿಫ್ಟು ಕೆಳಗಿಳಿಯತೊಡಗಿತು. ಹಗ್ಗ ಓಡುವ ಸದ್ದು ಕೇಳಿ ಒಣಕಲಣ್ಣನಿಗೆ ಹೊಳೆಯಿತಂತೆ. ಓಡಿ ಬಂದು ತಮ್ಮ ಹತ್ತಿರವಿದ್ದ ಬಾಗಿಲಿನ ಕೀಲಿಯಿಂದ ಆ ಬಾಗಿಲು ತೆರೆದರಂತೆ. ಬಾಗಿಲು ತೆರೆದರೆ ಲಿಫ್ಟು ನಿಲ್ಲುತ್ತದಂತಲ್ಲ, ನಿಂತಿತು. "ಅಣ್ಣ ನೆಲಕ್ಕೆ ಅಂಟಿಕೊಂಡು ಮಲಗಿದ್ರು ಅತ್ತಿಗೆ. ಲಿಫ್ಟಿನ ತಳ ಅವರ ಮೂಗಿನ ಮೇಲೆ ಇತ್ತು. ನಾನು ಕರೆದರೆ ಓಗೊಡಲೇ ಇಲ್ಲ. ಕೈ ಮಾತ್ರ ಜೇಬಲ್ಲಿತ್ತು, ಕೀಲೀನ ಹಿಡಿದುಕೊಂಡಿದ್ರು." ಇದನ್ನು ಹೇಳುವಾಗ ಆ ಮನುಷ್ಯ ಅತ್ತರು ಕಣ್ರೀ. ನಾನು ಅಳಲಿಲ್ಲ. ಎದ್ದು ಹೋಗಿ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ನೋಡಿ ಬಂದೆ. ಮತ್ತೆ ಹೋಗಿ ನೋಡಿದೆ.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ಅಂಗಿಯ ಬೆನ್ನ ತುಂಬ ಗ್ರೀಸು. ಒಗೆದು ಒಗೆದು ಕೈ ಸೋತು, ನೆಲ ಒರೆಸೋಕೆ ಹೋಗಿದ್ರಾ ಎಂದು ನಾನು ಬೈದೆ. ನೀವು, "ಹೂಂ ಕಣೆ, ನೆಲ ಒರೆಸೋ ಕೆಲಸವೂ ನನ್ನದೇ ಅಲ್ಲಿ" ಎಂದು ನಕ್ಕಿರಿ. ಊಟಕ್ಕೆ ಮುಂಚೆ ಮಗಳನ್ನು ಪಕ್ಕ ಕೂರಿಸಿಕೊಂಡು, ಅವಳು ಚಿಕ್ಕವಳಿದ್ದಾಗ ಹೇಗೆ ತಪ್ಪು ತಪ್ಪು ಮಾತಾಡುತ್ತಿದ್ದಳು ಎಂದು ಒಂದೊಂದಾಗಿ ಹೇಳಿದಿರಿ. ಮಲಗುವಾಗ ಕೋಣೆಯ ಬಾಗಿಲು ಮುಚ್ಚಲು ಹೋದರೆ, "ಬೇಡ, ಸ್ವಲ್ಪ ತೆಗೆದಿರಲಿ" ಅಂದಿರಿ. ಸೆಕೆಯಿರಬೇಕು ಎಂದುಕೊಂಡೆ. ಆಮೇಲೆ ಟ್ರೈನಿಂಗಿಗೆ ಹೊರಡುವವರೆಗೆ ಒಂದು ದಿನವೂ ಬಾಗಿಲು ಮುಚ್ಚಲು ಬಿಡಲಿಲ್ಲ ನೀವು.

ನೀವು ಎಚ್ಚರವಿಲ್ಲದ ಮನುಷ್ಯರಲ್ಲ. ಅದೇ ನನ್ನ ಭಯ. ಎಚ್ಚರವಿಲ್ಲದವರಾಗಿದ್ದರೆ ಎಚ್ಚರವಾಗಿರಿ ಎಂದು ಹೇಳಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ನೀವು ಎಲ್ಲವನ್ನೂ ಸರಿಯಾಗಿ ಮಾಡಿಯೂ ಪಕ್ಕದ ಲಿಫ್ಟಿಗೆ ಬೀಗ ಹಾಕಿ ಬಂದಿರಿ. ಇನ್ನೇನು ಹೇಳಲಿ? ಈಗ ನಿಮ್ಮ ಕೈಕೆಳಗೆ ಹುಡುಗರೂ ಇರುತ್ತಾರಂತೆ, ಅವರು ನಿಮ್ಮ ಬೀಗ ನೋಡಿಕೊಂಡು ಗುಂಡಿಗೆ ಇಳಿಯುತ್ತಾರೆ. ಅವರ ಮನೆಯಲ್ಲೂ ಯಾರೋ ನನ್ನ ಹಾಗೆ ನಿಶ್ಚಿಂತೆಯಿಂದ ಇರುತ್ತಾರೆ. ನಿನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋದವಳು ಲಿಫ್ಟಿನ ಮುಂದೆ ನಿಂತು, ಬಟನ್ ಒತ್ತಲು ಬೆರಳೆತ್ತಿ, ಕೆಳಗೆ ಯಾರಾದರೂ ಇದ್ದರೆ ಎಂದು ವಾಪಸು ಇಳಿಸಿದೆ. ಹಿಂದೆ ನಿಂತಿದ್ದವರು, "ಒತ್ತಿ ಅಮ್ಮಾ, ಕಚ್ಚಲ್ಲ ಅದು" ಅಂದರು. ನಾನು ಮೆಟ್ಟಿಲು ಹತ್ತಿಕೊಂಡು ಹೋದೆ.

ಆದರೂ ನಾನು ಹೀಗೇ ಮಾಡಿ ಎನ್ನುವುದಿಲ್ಲ. ದುಡಿಯುವವರು ನೀವು, ಬುದ್ಧಿವಂತರು ನೀವು. ಮಗಳ ಮುಂದಿನ ಓದು, ನಮ್ಮ ವಯಸ್ಸು, ಎಲ್ಲವನ್ನೂ ತೂಗಿ ನೋಡಿ. ನಿಮ್ಮ ಮನಸ್ಸಿಗೆ ಸರಿ ಕಂಡಂತೆ ಶನಿವಾರ ಮಾಡಿ. ನೀವು ಏನು ಮಾಡಿದರೂ ನಾನು ಎದುರು ಮಾತಾಡುವವಳಲ್ಲ. ದೇವರು ನಿಮಗೆ ಸರಿಯಾದ ಬುದ್ಧಿಯನ್ನೂ ಗಟ್ಟಿ ನಿದ್ದೆಯನ್ನೂ ಕೊಡಲಿ. ಮಗಳು ನಮಸ್ಕಾರ ಹೇಳಿದ್ದಾಳೆ, ಅಪ್ಪನ ನಾಡಿ ನೋಡಬೇಕು, ಬೇಗ ಬರಲಿ ಅಂದಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ಇಂತಿ ನಿಮ್ಮ ದಾರಿ ಕಾಯುವ,
ನಿಮ್ಮ ಮನೆಯವಳು

ಮರೆತದ್ದು: ಒಣಕಲಣ್ಣ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಾರೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ. ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ ಎಂದು ಮೇಲೆ ಬರೆದದ್ದು ಸುಳ್ಳು. ಸಹಿ ಹಾಕಬೇಡಿ. ನಿನ್ನೆ ಮಧ್ಯಾಹ್ನ ಹಳೆಯ ಮಾಲೀಕರ ಹತ್ತಿರ ಹೋಗಿ, ಇವರು ಸೋಮವಾರ ಕೆಲಸಕ್ಕೆ ಬರುತ್ತಾರೆ ಎಂದು ಹೇಳಿ ಬಂದಿದ್ದೇನೆ. "ಅವರೇ ಹೇಳಿ ಕಳಿಸಿದ್ದಾರಾ ಅಮ್ಮಾ?" ಎಂದು ಕೇಳಿದರು. ಹೌದು ಅಂದೆ. ಅಲ್ಲೇ ಗೋಡೆಯ ಮೇಲೆ ದೇವರ ಪಟವಿತ್ತು, ಅದನ್ನು ನೋಡಿಕೊಂಡೇ ಅಂದೆ. ನಿಮಗೆ ಸಿಟ್ಟು ಬರುತ್ತದೆ, ಬರಲಿ. ಬೈಯಲು ಫೋನು ಮಾಡಿದರೆ ನಾನು ಎತ್ತುವುದಿಲ್ಲ. ಬೈಯುವುದಿದ್ದರೆ ಮನೆಗೆ ಬಂದು, ನನ್ನ ಮುಂದೆ ನಿಂತು ಬೈಯಿರಿ. ಬೈಯುವುದಕ್ಕಾದರೂ ಬನ್ನಿ.