ಮಗನ ಮನೆಗೆ ಅಪ್ಪಾಜಿ ಬರೆದಿಟ್ಟ ದಾರಿ

ಅಪ್ಪಾಜಿ,

ನಾನು ಚಿಕ್ಕವನಿದ್ದಾಗ ಧರ್ಮಸ್ಥಳಕ್ಕೆ ಹೊರಡುವ ಮುನ್ನಾದಿನ ನೀವು ನೆಲದ ಮೇಲೆ ರಸ್ತೆ ನಕ್ಷೆ ಹರಡಿ, ಅಮ್ಮನ ಹೊಲಿಗೆ ದಾರವನ್ನು ಘಾಟಿಯ ತಿರುವುಗಳ ಮೇಲೆ ಓಡಿಸಿ ದೂರ ಅಳೆಯುತ್ತಿದ್ದುದು ಕಣ್ಣಮುಂದಿದೆ. ಕಾಫಿ ಎಲ್ಲಿ, ಊಟ ಎಲ್ಲಿ, ನನಗೆ ವಾಂತಿ ಎಲ್ಲಿ, ಎಲ್ಲಕ್ಕೂ ಕೆಂಪು ಪೆನ್ಸಿಲಿನ ಗುರುತು. ದಾರ ಹಿಡಿದು ದಾರಿ ಅಳೆಯುವ ಅಪ್ಪ ಎಂದು ಆಗಲೇ ಅಣಕಿಸುತ್ತಿದ್ದೆ.

ಶಿವಮೊಗ್ಗದ ರಾಗಿಗುಡ್ಡದಲ್ಲಿರುವ ನನ್ನ ಮನೆಗೆ ಪ್ರತಿ ಭಾನುವಾರ ಸ್ಕೂಟರಿನಲ್ಲಿ ಬರುತ್ತಿದ್ದಿರಿ. ನೀವಿದ್ದ ಭದ್ರಾವತಿ ಓಲ್ಡ್ ಟೌನಿನ ಅಕ್ಕನ ಮನೆಯಿಂದ ಮುಕ್ಕಾಲು ಗಂಟೆಯ ದಾರಿ, ಕಣ್ಣು ಮುಚ್ಚಿಯೂ ಬರಬಲ್ಲವರು. ನನ್ನ ಮಗಳ ಹುಟ್ಟುಹಬ್ಬದ ದಿನ ನಿಮ್ಮ ಜೇಬಿನಿಂದ ಅದೇ ನಕ್ಷೆ ಇಣುಕಿತು. ಮನೆ ತುಂಬ ನೆಂಟರು. ನಾನು ಬಿಡುತ್ತೇನೆಯೇ? "ನೋಡ್ರಪ್ಪ, ಭದ್ರಾವತಿಯಿಂದ ಶಿವಮೊಗ್ಗಕ್ಕೂ ಮ್ಯಾಪು. ನಾಳೆ ಬಚ್ಚಲಿಗೆ ಹೋಗೋಕೂ ಮ್ಯಾಪ್ ತೆಗೀತಾರೆ ನಮ್ಮಪ್ಪಾಜಿ." ಎಲ್ಲರೂ ನಕ್ಕರು. ನೀವೂ ನಕ್ಕು, "ಅಭ್ಯಾಸ ಮಾರಾಯ, ಬಿಡು" ಎಂದು ಅದನ್ನು ಒಳಗೆ ತಳ್ಳಿದಿರಿ. ನಿಮ್ಮ ಮುಖ ಹೇಗಿತ್ತೋ. ನಾನು ನಗುವವರ ಮುಖ ನೋಡುತ್ತಿದ್ದೆ.

ಮುಂದಿನ ಭಾನುವಾರ ನೀವು ಬರಲಿಲ್ಲ. ಅದರ ಮುಂದಿನ ಭಾನುವಾರವೂ. "ಮಂಡಿ ನೋವು ಕಣೋ" ಎಂದಿರಿ ಫೋನಿನಲ್ಲಿ. ನಂಬಿದೆ. ನಾನಾದರೂ ಬರಬಹುದಿತ್ತಲ್ಲ... ಆಷಾಢ ಮುಗಿಯುವುದರೊಳಗೆ, ಕೂತ ಕುರ್ಚಿಯಲ್ಲೇ ಹೋಗಿಬಿಟ್ಟಿರಿ.

ಕಾರ್ಯ ಮುಗಿದ ಮೇಲೆ ಸ್ಕೂಟರಿನ ಡಿಕ್ಕಿ ತೆಗೆದೆ. ಒಳಗಿದ್ದ ಆ ನಕ್ಷೆಯ ಅಂಚಿನುದ್ದಕ್ಕೂ ನಿಮ್ಮ ಕೆಂಪು ಅಕ್ಷರ. ‘ಬೈಪಾಸ್ ಹಿಡಿಯಬಾರದು. ಬಂಕ್ ದಾಟಿ ಬಲಕ್ಕೆ. ಪಂಕ್ಚರ್ ಅಂಗಡಿಯವರನ್ನು ಕೇಳುವುದು. ನೀಲಿ ಗೇಟು. ಗಾಬರಿ ಆಗಬಾರದು.’

ನಿಮಗೆ ದಾರಿ ಮರೆಯುತ್ತಿತ್ತು. ಅಕ್ಕನಿಗೂ ಹೇಳಿರಲಿಲ್ಲ. ನನಗೆ ಹೇಗೆ ಹೇಳುತ್ತಿದ್ದಿರಿ, ಎಲ್ಲವನ್ನೂ ನಗೆಚಾಟಿಕೆ ಮಾಡುವ ಮಗನಿಗೆ?

ಒಂದು ಸುದ್ದಿ ಇದೆ. ಕಳೆದ ಭಾನುವಾರ ಫೋನ್ ಆಫ್ ಮಾಡಿ, ನೀವು ಬರೆದಂತೆಯೇ ಓಲ್ಡ್ ಟೌನಿನಿಂದ ಮನೆಗೆ ಹೊರಟೆ. ಪಂಕ್ಚರ್ ಅಂಗಡಿಯ ಮುಂದೆ ನಿಂತು ಕೇಳಿದೆ. ನಕ್ಷೆ ನೋಡಿದ್ದೇ ಅಂಗಡಿಯ ಸಾಬರು ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟರು.

"ಯಜಮಾನ್ರ ಮಗನಾ ನೀವು? ವಾರ ವಾರ ಇಲ್ಲಿ ನಿಲ್ಸಿ, ನಮ್ ಹುಡುಗನ ಮನೆ ಯಾವ್ ಕಡೆ ಅಂತ ಕೇಳೋರು. ದಾರಿ ಮರೆಯೋರು, ನಿಮ್ ಹೆಸ್ರು ಮಾತ್ರ ಒಂದ್ಸಲನೂ ಮರೀಲಿಲ್ಲ ನೋಡಿ. ಯಾಕ್ ಸಾರ್, ಈಗ ಈ ಕಡೆ ಬರೋದೇ ಇಲ್ಲ?"

ಹೇಳಿದೆ. ಅವರು ಸ್ಟೂಲು ಎಳೆದು ನನ್ನನ್ನು ಕೂರಿಸಿದರು. ಏಳಲು ಬಹಳ ಹೊತ್ತು ಹಿಡಿಯಿತು, ಅಪ್ಪಾಜಿ. ಮನೆ ಎರಡೇ ತಿರುವಿನಾಚೆ ಇತ್ತು.