ಚಿಮಣಿ ಗೆದ್ದ ವರ್ಷ

ಭಾನುವಾರ, ಅಕ್ಟೋಬರ್ 12

ನನ್ನ ಮುದ್ದು ತಮ್ಮನಿಗೆ,

ಅಕ್ಕನ ಹಾರೈಕೆಗಳು. ನೀನು ಮೇಲಿಂದ ಮೇಲೆ ಬರೆದರೂ ಉತ್ತರ ಹಾಕಲಿಲ್ಲವೆಂದು ಮುನಿಸಿಕೊಂಡಿರಬೇಕು. ತಪ್ಪು ತಿಳಿಯಬೇಡ. ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು, ಅದಕ್ಕೇ ಕೂರಲಿಲ್ಲ. ಈಗ ಹೊಟ್ಟೆ ತಣ್ಣಗಾಗಿದೆ ಎಂದೇನಲ್ಲ. ಮಗಳು ಬರುವ ವಾರ ನಿನ್ನ ಸಂಸ್ಥೆಗೆ ಓದಲು ಹೊರಡುತ್ತಾಳೆ, ಬರೆಯದೆ ವಿಧಿಯಿಲ್ಲ. ಓದುವುದೂ ನಿನ್ನ ವಿಷಯವನ್ನೇ: ಹೊಗೆ ತಗ್ಗಿಸಲು ಯಾವ ದೇಶ ಯಾವ ಕಾನೂನು ಮಾಡಿತು, ಮಾಡಿದ ಸರ್ಕಾರವನ್ನು ಅಲ್ಲಿನ ಜನ ಉಳಿಸಿಕೊಂಡರೋ ಕೆಡವಿದರೋ. ಸೋದರಮಾವನ ಬುದ್ಧಿಯೇ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ತಲೆ ಆಡಿಸುತ್ತೇನೆ.

ನಿನ್ನ ಭಾವನಿಗೆ ಕೆಲಸ ಸಿಕ್ಕಿದೆ. ಮುಚ್ಚಿಹೋದ ನಮ್ಮೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಗುಜರಿ ಗುತ್ತಿಗೆದಾರ ಕೊಂಡಿದ್ದಾನೆ. ಇಷ್ಟು ವರ್ಷ ಕಾದು, ಒರೆಸಿ, ಬೈದು ಸಾಕಿದ ಬಾಯ್ಲರನ್ನು ನಿನ್ನ ಭಾವ ಈಗ ಗ್ಯಾಸ್ ಕಟ್ಟರಿನಿಂದ ತುಂಡು ಮಾಡುತ್ತಾರೆ. ಗುತ್ತಿಗೆದಾರನಿಗೆ ಇವರೇ ಬೇಕಂತೆ. “ಇದರ ಕೀಲು ಎಲ್ಲೆಲ್ಲಿದೆ ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತು?” ಎಂದು ಕರೆದುಕೊಂಡು ಹೋದ.

ಹೊಗೆ ತಗ್ಗಿಸಲು ಸರ್ಕಾರಕ್ಕೆ ಬರೆದುಕೊಟ್ಟ ಆ ಕಾನೂನಿನ ಕರಡು ಹಿಡಿದು ನೀನು ಮನೆಗೆ ಬಂದಿದ್ದೆಯಲ್ಲ, ಊಟದ ಮೇಜಿನ ತಟ್ಟೆಗಳನ್ನು ಸರಿಸಿ ದೇಶದೇಶಗಳ ಪಟ್ಟಿ ಹರಡಿದ್ದೆ. ಒಂದು ದೇಶ ಹೊಗೆಗೆ ತೆರಿಗೆ ಹಾಕಿ ಆ ದುಡ್ಡನ್ನು ಜನರಿಗೇ ಹಂಚಿತು. ಇನ್ನೊಂದು ತೆರಿಗೆ ಹಾಕಿ ಸುಮ್ಮನಾಯಿತು, ಮುಂದಿನ ಚುನಾವಣೆಯಲ್ಲಿ ಮಣ್ಣು ಮುಕ್ಕಿತು. ಮತ್ತೊಂದು, ಸ್ಥಾವರ ಮುಚ್ಚುವ ಮೊದಲು ಕೆಲಸಗಾರರನ್ನು ಕೂರಿಸಿ ಮಾತಾಡಿ, ನಿವೃತ್ತಿಯವರೆಗೆ ಸಂಬಳ ಕೊಟ್ಟಿತು. “ಅದೇ ಅಧ್ಯಾಯ ನಮ್ಮ ಕಾನೂನಲ್ಲೂ ಇದೆ ಭಾವ, ನಿಮಗೋಸ್ಕರ ಜಗಳ ಆಡಿ ಸೇರಿಸಿದೀನಿ,” ಎಂದೆ.

ಅವರು ನಂಬಲಿಲ್ಲ. “ಪಕ್ಕದ ಮನೆ ಅಳತೆಗೆ ಹೊಲಿಸಿದ ಅಂಗಿ ನಮಗಾಗಲ್ಲಪ್ಪ,” ಎಂದರು. ನೀನು ನಕ್ಕು ಪಟ್ಟಿ ಮಡಚಿದೆ.

ಕಾನೂನು ಪಾಸಾಯಿತು. ಆಮೇಲೆ ‘ಸಕ್ಕರೆಬಾಯಿ’ ಬಂದ. ಹಿಂದೆ ಸ್ಥಾವರದಲ್ಲೇ ಇಂಜಿನಿಯರಾಗಿದ್ದು ಆ ಕಾನೂನನ್ನು ತೆಗೆಸುತ್ತೇನೆಂದು ಚುನಾವಣೆಗೆ ನಿಂತನಲ್ಲ, ಅವನೇ. ನಮ್ಮ ಅಡುಗೆಮನೆಯಲ್ಲೇ ಕೂತು ಇವರ ಭುಜ ತಟ್ಟಿ, “ಚಿಮಣಿ ಉಳಿದ್ರೆ ಊರು ಉಳಿಯುತ್ತೆ. ನಿಮ್ಮ ಮಾತಿಗೆ ಬೆಲೆ ಇದೆ ಅಣ್ಣ, ನೀವು ಹೇಳಿದ್ರೆ ಜನ ಕೇಳ್ತಾರೆ,” ಎಂದ. ಜೀವಮಾನದಲ್ಲಿ ಅವರ ಮಾತಿಗೆ ಬೆಲೆ ಇದೆ ಎಂದವರೇ ಇರಲಿಲ್ಲ, ನನ್ನನ್ನೂ ಸೇರಿಸಿ. ಕೆಲಸ ಮುಗಿಸಿ ಬಂದವರು ಬೂಟು ಕೂಡ ಬಿಚ್ಚದೆ ಮನೆಮನೆ ತಿರುಗಿದರು. ಜನ ಕೇಳಿದರು. ಸಕ್ಕರೆಬಾಯಿ ಗೆದ್ದ, ಅವನ ಪಕ್ಷವೂ ಗೆದ್ದಿತು, ಮೊದಲ ಅಧಿವೇಶನದಲ್ಲೇ ಕಾನೂನನ್ನು ಕಿತ್ತು ಹಾಕಿದರು. ಸಂಬಳದ ಅಧ್ಯಾಯವೂ ಅದರ ಜೊತೆಗೇ ಹೋಯಿತು.

ಚಳಿಗಾಲ ಕಳೆಯುವುದರೊಳಗೆ ಕಂಪನಿ ಸ್ಥಾವರ ಮುಚ್ಚಿತು. ಕಲ್ಲಿದ್ದಲಿಗಿಂತ ಗ್ಯಾಸಿನಿಂದ ಕರೆಂಟು ಮಾಡುವುದು ಅಗ್ಗವಂತೆ. ಕಾನೂನು ಇದ್ದರೂ ಮುಚ್ಚುತ್ತಿತ್ತು, ಇಲ್ಲದಿದ್ದರೂ ಮುಚ್ಚಿತು. ಅಷ್ಟರಲ್ಲಿ ಮಂತ್ರಿಯಾಗಿದ್ದ ಸಕ್ಕರೆಬಾಯಿಯನ್ನು ಇವರು ನೋಡಲು ಹೋದರೆ, “ಖಾಸಗಿಯವರ ತೀರ್ಮಾನ, ನಾವು ಕೈ ಹಾಕೋ ಹಾಗಿಲ್ಲ ಅಣ್ಣ,” ಎಂದನಂತೆ. ಆಗಲೂ ಅಣ್ಣ ಎಂದನಂತೆ. ಅದನ್ನು ಇವರು ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು, ನೋಡು.

ಊರು ಸಕ್ಕರೆಬಾಯಿಯನ್ನು ಬಿಟ್ಟುಬಿಟ್ಟಿತು, ಅವನು ಕೈಗೆ ಸಿಗುವುದಿಲ್ಲ. ಇವರು ಸಿಗುತ್ತಾರೆ. ಸ್ಥಾವರದ ಕಲ್ಲಿದ್ದಲು ಯಾರ್ಡಿನಲ್ಲಿ ಕೆಲಸಕ್ಕಿದ್ದವನ ಹೆಂಡತಿ ನಮ್ಮ ಬಾಗಿಲಲ್ಲೇ ನಿಂತು ಇವರಿಗೆ, “ನಿನ್ನ ಮಾತು ಕೇಳಿ ವೋಟು ಹಾಕಿದ್ವಿ. ಈಗ ಮಕ್ಕಳ ತಟ್ಟೆಗೆ ಏನು ಹಾಕ್ಲಿ, ನಿನ್ನ ಚಿಮಣಿನಾ?” ಎಂದಳು. ಇವರು ಒಳಗೆ ಬಂದು ನಮ್ಮ ಮನೆಯ ಅಕ್ಕಿ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಕೊಟ್ಟರು. ಅವಳು ಅದನ್ನು ಮೆಟ್ಟಿಲ ಮೇಲೆ ಸುರಿದು ಹೋದಳು. ಗುಡಿಸಿದ್ದು ನಾನು.

ಇರಲಿ. ಮಗಳಿಗೆ ಚಳಿ ತಡೆಯುವುದಿಲ್ಲ, ಚಳಿಗಾಳಿ ನುಗ್ಗದ ಕೋಣೆ ಕೊಡು. ನಿನ್ನ ಹೆಂಡತಿಗೆ ನೆನಪು ಹೇಳು. ನಿನ್ನ ಮಾತಿಗೆ ಇನ್ನೂ ದೊಡ್ಡ ದೊಡ್ಡ ದೇಶಗಳು ಕಿವಿಗೊಡಲಿ. ನೂರು ಕಾಲ ಬಾಳು.

ಇಂತಿ,
ನಿನ್ನ ಅಕ್ಕ

ತಾ.ಕ.: ಆ ದೊಡ್ಡ ಸಮ್ಮೇಳನದ ನಿನ್ನ ಭಾಷಣವನ್ನು ಮೂವರೂ ಟೀವಿಯಲ್ಲಿ ನೋಡಿದೆವು. “ಹೊಗೆಯೂರಿನಲ್ಲೊಬ್ಬ ಇದ್ದ. ತನ್ನ ಅನ್ನ ಕಿತ್ತುಕೊಳ್ಳುವವನಿಗಾಗಿ ಮನೆಮನೆ ತಿರುಗಿದ. ಅವನು ಗೆದ್ದ ದಿನ ಇವನು ಮಗುವಿನ ಹಾಗೆ ಅತ್ತ,” ಎಂದು ನೀನು ಓದಿದೆ. ಸಭೆಗೆ ಸಭೆಯೇ ನಕ್ಕಿತು. ನಿನ್ನ ಭಾವ ಅಂದು ಅತ್ತದ್ದನ್ನು ಫೋನಿನಲ್ಲಿ ನಿನಗೆ ಹೇಳಿದವಳು ನಾನೇ. ಅದನ್ನೇ ನೀನು ಸಭೆಯಲ್ಲಿ ಆಡಿಕೊಂಡೆ ಎಂದುಕೊಂಡು, ನಿನ್ನ ಹೆಸರು ಹಿಡಿದು ಶಾಪ ಹಾಕಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಗಳು, “ಅಮ್ಮ, ಅದು ನಾನು ಬರೆದಿದ್ದು! ಸೀಟಿಗೆ ಅರ್ಜಿ ಹಾಕುವಾಗ ಕೊಟ್ಟ ಪ್ರಬಂಧ. ಮಾವ ಒಂದಕ್ಷರಾನೂ ಬದಲಾಯಿಸಿಲ್ಲ!” ಎಂದು ಕುಣಿದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನಿನ್ನ ಭಾವ ಅವಳ ತಲೆ ಸವರಿ, “ಚೆನ್ನಾಗಿ ಬರೆದಿದೀಯ ಮಗಳೇ,” ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ನೋಡಿದ್ಯಾ, ನನ್ನಿಂದ ಅವಳಿಗೆ ಒಂದು ಸೀಟಾದ್ರೂ ಸಿಕ್ತು,” ಎಂದರು.